ಕರಿ ಅಂಚಿನ ನಮೂನೆ

ಸುವರ್ಣಾ ಕರಿ ಗೆರೆಗಳನ್ನು ಒಂದೊಂದಾಗಿ ಎಳೆಯುತ್ತಿದ್ದಳು. ಮೊದಲು ಮೇಲೊಂದು, ಆಮೇಲೆ ಕೆಳಗೊಂದು, ಆಮೇಲೆ ಎಡಬಲಕ್ಕೆ. ಮೌಸು ಹಿಂದೆ ಮುಂದೆ ಸರಿಸಿದಳು. ಮೂಲೆಗೆ ಮೂಲೆ ಕೂಡುತ್ತಿರಲಿಲ್ಲ. ಅಳಿಸಿದಳು, ಮತ್ತೆ ಎಳೆದಳು.

"ಇನ್ನ ಐದ ಮಿನಿಟ ಕಾಕಾ," ಎಂದಳು ಎದುರಿಗಿದ್ದ ಗಿರಾಕಿಗೆ.

ಸಾಯಬಣ್ಣ ಎಂಬ ಆ ರೈತ ಮೊನ್ನೆಯಷ್ಟೇ ತಾಯಿಯನ್ನು ಕಳೆದುಕೊಂಡಿದ್ದ. ಉತ್ತರಕ್ರಿಯೆಗೆ ಕರೆಯುವ ದಿವಸದ ಕಾರ್ಡು ಮಾಡಿಸಲು ಬಂದವನು ಟೋಪಿಯನ್ನು ಕೈಯಲ್ಲಿ ಹಿಂಡುತ್ತ, ಪರದೆಯ ಮೇಲೆ ಮೂಡಿ ಮೂಡಿ ಅಳಿಯುವ ಗೆರೆಗಳನ್ನೇ ನೋಡುತ್ತಿದ್ದ. ಪಾಪ, ಅವನ ಕಣ್ಣು ತುಂಬಿದ್ದವು.

ಉಮಾಬಾಯಿ ಬಾಗಿಲಲ್ಲಿ ನಿಂತು ಇದನ್ನು ನೋಡುತ್ತಿದ್ದರು.

ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ಮೂವತ್ತೆರಡು ವರ್ಷ ಟೈಪಿಂಗ್ ಕಲಿಸಿದ ಹೆಂಗಸು ಈಕೆ. ಮೊದಲು ಮಶಿನ್ನು, ಆಮೇಲೆ ಕಂಪ್ಯೂಟರು. ಎಲ್ಲಿಯಾದರೂ ಸುಳ್ಳು ಕಾಗದ ಸಿಕ್ಕರೆ ಜನ ಆಕೆಯ ಬಾಗಿಲಿಗೇ ಬರುತ್ತಾರೆ. ಹಾಗೆಂದು ಪತ್ತೇದಾರಿಣಿ ಎಂದು ಕರೆದೀರಿ, ಜೋಕೆ! ಕನ್ನಡಕ ಕೆಳಗಿಳಿಸಿ ಒಂದು ನೋಟ ನೋಡಿದರೆ ಎದುರಿಗಿದ್ದವರ ಚಹಾ ತಣ್ಣಗಾಗಬೇಕು. "ನಾ ಅಕ್ಷರ ಓದಾಕಿ ಅಷ್ಟ," ಎನ್ನುತ್ತಾರೆ.

ಆಕೆಯ ಶಾಲೆಯಲ್ಲಿ ಒಂದು ಕಟ್ಟುನಿಟ್ಟಿತ್ತು. ಪ್ರತಿ ಶಿಷ್ಯೆಯೂ ತನ್ನ ಕಂಪ್ಯೂಟರಿನಲ್ಲಿ ಎರಡು ನಮೂನೆ ಇಟ್ಟುಕೊಳ್ಳಬೇಕು. ಒಂದರ ಹೆಸರು ಮಂಗಲ, ಇನ್ನೊಂದರ ಹೆಸರು ದುಃಖ. ಮಂಗಲ ತೆರೆದರೆ ಹೊಸ ಹಾಳೆಯ ನೆತ್ತಿಯ ಮೇಲೆ ದೇವರ ಹೆಸರು ತಾನೇ ಬಂದು ಕೂರುತ್ತದೆ. ಲಗ್ನ, ತೊಟ್ಟಿಲು, ಕೊನೆಗೆ ತಹಶೀಲಿಗೆ ಬರೆಯುವ ಅರ್ಜಿ, ಎಲ್ಲ ಅದರ ಮೇಲೆಯೇ. ದುಃಖದಲ್ಲಿ ದೇವರ ಹೆಸರಿಲ್ಲ. ಕರಿ ಅಂಚು ಮಾತ್ರ ಸಿದ್ಧವಾಗಿರುತ್ತದೆ.

"ಸತ್ತವರ ಮನಿಯವರನ್ನ ನಿಂದ್ರಿಸಿಕೊಂಡು ಗೆರಿ ಎಳಕೋತ ಕುಂಡ್ರಬಾರದವ್ವಾ. ಅಂಚು ಮೊದಲs ಇರಬೇಕು. ಹೆಸರು ಹಾಕಿ ಲಗೂನ ಕಳಸಬೇಕು," ಎಂದು ಹೇಳಿಕೊಟ್ಟದ್ದು ಇದೇ ಉಮಾಬಾಯಿ. ಕಲಿತವರಲ್ಲಿ ಎಲ್ಲರಿಗಿಂತ ಚುರುಕು ಇದೇ ಸುವರ್ಣಾ. ಅವಳೇ ಇಂದು ಗೆರೆ ಎಳೆಯುತ್ತ ಕೂತಿದ್ದಾಳೆ!

"ಇದೇನ ಸುವರ್ಣಾ, ಕೈಲೆ ಎಳ್ಯಾಕತ್ತೀ?"

ಹುಡುಗಿ ತಟ್ಟನೆ ಎದ್ದು ನಿಂತಳು. "ಮ್ಯಾಡಮ್! ನೀವು... ಇಲ್ಲಿ?"

ಅವಳ ಕಣ್ಣು ಉಮಾಬಾಯಿಯ ಹೆಗಲ ಮೇಲಿಂದ ಹಾದು ಹೊರಗೆ ಗಿರಾಕಿಗಳು ಕೂರಲು ಹಾಕಿದ ಬಾಕಿನ ಮೇಲೆ ಬಿದ್ದವು. ಬಿದ್ದಷ್ಟೇ ಬೇಗ ತಿರುಗಿ ಬಂದವು. ಉಮಾಬಾಯಿ ನೋಡಿಯೂ ನೋಡದವರ ಹಾಗೆ ಚೀಲ ಕೆಳಗಿಟ್ಟರು.

ಬಾಕಿನ ಮೇಲೆ ಇಬ್ಬರು ಕೂತಿದ್ದರು. ಬೋರಾಮಣಿಯ ಕುರಿಗಾರ ಪೀರಪ್ಪ, ಅವನ ಹೆಂಡತಿ ಬೀರವ್ವ. ಅವರ ಒಬ್ಬನೇ ಮಗ ಸಿದ್ದಣ್ಣ ಕಾಣೆಯಾಗಿ ಏಳು ತಿಂಗಳಾಗಿತ್ತು. ಹೋದ ನಾಲ್ಕನೇ ದಿನ ಅವನದೇ ಫೋನಿನಿಂದ ತಂಗಿ ದೀಪಾಲಿಯ ಫೋನಿಗೆ ಒಂದು ಪತ್ರದ ಕಡತ ಬಂತು. ಮರಾಠಿಯಲ್ಲಿ ಹನ್ನೊಂದು ಸಾಲು: ದೂರ ಹೋಗುತ್ತಿದ್ದೇನೆ, ಚೆನ್ನಾಗಿದ್ದೇನೆ, ಹುಡುಕಬೇಡಿ, ಅವ್ವನನ್ನು ನೋಡಿಕೊಳ್ಳಿ. ಆಮೇಲೆ ಆ ಫೋನು ಹತ್ತಲಿಲ್ಲ.

ಬೀರವ್ವ ಓದಿದವಳಲ್ಲ. ಆ ಹನ್ನೊಂದು ಸಾಲನ್ನು ಊರ ಮಂದಿಯಿಂದೆಲ್ಲ ಓದಿಸಿ ಓದಿಸಿ ಬಾಯಿಪಾಠ ಮಾಡಿಕೊಂಡಿದ್ದಳು. ಆದರೂ ಕರುಳು ಒಪ್ಪಲಿಲ್ಲ. "ಇದು ನನ್ನ ಮಗನ ಮಾತಲ್ಲರಿ ಅಕ್ಕಾರ. ಅಂವಾ ಇದ್ದಾನೋ ಇಲ್ಲೋ, ಅಷ್ಟ ಹೇಳ್ರಿ. ಒಂದು ಮಾತು ಹೇಳ್ರಿ ಸಾಕು," ಎಂದು ಉಮಾಬಾಯಿಯ ಕೈ ಹಿಡಿದಿದ್ದಳು.

ಉಮಾಬಾಯಿ ನಿನ್ನೆ ಆ ಕಡತ ತೆರೆಯಹೋದಾಗ ಅದು ಬೇಗ ತೆರೆಯಲೊಲ್ಲದು. ಹನ್ನೊಂದು ಸಾಲಿನ ಕಾಗದಕ್ಕೆ ಮುಕ್ಕಾಲು ನಿಮಿಷ! ಬೇರೆಯವರಾಗಿದ್ದರೆ ಕಂಪ್ಯೂಟರನ್ನು ಬೈಯುತ್ತಿದ್ದರು. ಉಮಾಬಾಯಿಗೆ ಈ ಕಾಯಿಲೆ ಗೊತ್ತು. ಪ್ರತಿ ಕಡತವೂ ತಾನು ಯಾವ ನಮೂನೆಯ ಹೊಟ್ಟೆಯಿಂದ ಬಂದೆ ಎಂಬುದನ್ನು ನೆನಪಿಟ್ಟಿರುತ್ತದೆ. ತೆರೆದ ಕೂಡಲೇ ತಾಯಿಯನ್ನು ಹುಡುಕುತ್ತದೆ. ತಾಯಿ ಬೇರೆ ಯಂತ್ರದಲ್ಲಿದ್ದರೆ ತಡವರಿಸುತ್ತದೆ. ಯಾರನ್ನು ಹುಡುಕುತ್ತಿದೆ ಎಂದು ಒಳಗೆ ಇಣುಕಿದಾಗ ವಿಳಾಸ ಸಿಕ್ಕಿತು. ಸುವರ್ಣಾ ಟೈಪಿಂಗ್, ಅಕ್ಕಲಕೋಟ. ನಮೂನೆಯ ಹೆಸರು ದುಃಖ.

ಬದುಕಿರುವವನ ಪತ್ರ ಸತ್ತವರ ಹಾಳೆಯ ಮೇಲೆ ಏಕೆ ಬಂತು? ಟೈಪು ಮಾಡಿದವರಿಗೆ ಅವನು ಆಗಲೇ ಇಲ್ಲ ಎಂದು ಗೊತ್ತಿತ್ತೇ? ಈ ಮಾತನ್ನು ಬೀರವ್ವನಿಗೆ ಹೇಳಲು ಉಮಾಬಾಯಿಗೆ ಬಾಯಿ ಬಂದಿರಲಿಲ್ಲ. ಪತ್ರ ಬರೆದ ಅಂಗಡಿ ಸಿಕ್ಕಿದೆ ಎಂದಷ್ಟೇ ಹೇಳಿದ್ದರು. ನಾನೂ ಬರುತ್ತೇನೆ ಎಂದು ಆಕೆ ಹಟ ಹಿಡಿದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಗ ಚಿಕ್ಕವನಿದ್ದಾಗ ಕುರಿಮರಿಯ ಜೊತೆ ಒಂದೇ ಕಂಬಳಿಯಲ್ಲಿ ಮಲಗುತ್ತಿದ್ದ ಕತೆ ಹೇಳಿದಳು. ಉಮಾಬಾಯಿ ಕಿಟಕಿಯ ಕಡೆ ಮುಖ ತಿರುಗಿಸಿ ಹೂಂ ಹೂಂ ಎಂದರು. ಪೀರಪ್ಪ ತೋಳಿನ ಮೇಲಿನ ಕಂಬಳಿಯನ್ನು ಮಡಿಸಿ ಬಿಚ್ಚುತ್ತ ಕೂತಿದ್ದ.

ಆದರೆ ಅಕ್ಕಲಕೋಟದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಒಂದು ಸಂಗತಿ ನಡೆಯಿತು. ಉಮಾಬಾಯಿ ಯಾರನ್ನಾದರೂ ದಾರಿ ಕೇಳೋಣ ಎನ್ನುವಷ್ಟರಲ್ಲಿ ಪೀರಪ್ಪ ಮುಂದೆ ಹೊರಟಿದ್ದ. ತಹಶೀಲಿನ ಹಿಂದಿನ ಓಣಿಗೆ ತಿರುಗಿ, ಎರಡು ಝೆರಾಕ್ಸ್ ಅಂಗಡಿ ಬಿಟ್ಟು, ನೇರ ಈ ಬಾಕಿಗೆ ಬಂದು ಕೂತಿದ್ದ.

"ನಮೂನಿ ಎಲ್ಲಿ ಹೋತು?" ಉಮಾಬಾಯಿ ಕುರ್ಚಿ ಎಳೆದುಕೊಂಡರು.

"ಖರಾಬ ಆಗೈತ್ರಿ. ಕರೆಂಟ ಹೋಗಿ ಕೆಟ್ಟೈತಿ."

"ಯಾವಾಗಿಂದ?"

"ಭಾಳ ದಿನಾತು."

"ಭಾಳ ದಿನಾತು, ಮತ್ತ ನನಗೊಂದು ಫೋನ ಮಾಡಲಿಲ್ಲ? ಸಣ್ಣ ಕೆಲಸಕ್ಕ ಫೋನ ಮಾಡಾಕಿ ನೀ. ಸರೀ, ನಾ ನೆಟ್ಟಗ ಮಾಡತೀನಿ."

"ಬ್ಯಾಡ್ರಿ ಮ್ಯಾಡಮ್!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಸಾಯಬಣ್ಣ ಕೂಡ ತಲೆಯೆತ್ತಿ ನೋಡಿದ. ಉಮಾಬಾಯಿ ಅವನ ಕಡೆ ತಿರುಗಿ, "ಸಾವಕಾರ, ನೀವು ಒಂದು ಚಾ ಕುಡದು ಬರ್ರಿ. ನಿಮ್ಮ ಅವ್ವಾರ ಕಾರ್ಡ ನಾನs ಚಂದಾಗಿ ಮಾಡಿ ಕೊಡತೀನಿ," ಎಂದರು. ಅವನು ಹೋದ. ಒಳಗೆ ಇಬ್ಬರೇ ಉಳಿದರು.

"ಕೆಟ್ಟದ್ದನ್ನ ರಿಪೇರಿ ಮಾಡಿಸಿಕೊಳ್ಳಾಕ ಯಾರರ ಬ್ಯಾಡ ಅಂತಾರೇನ ಹುಡುಗಿ?"

ಉಮಾಬಾಯಿ ಹೊಸ ಹಾಳೆಗೆಂದು ದುಃಖದ ಗುರುತನ್ನು ಒತ್ತಿದರು. ನಮೂನೆ ಸಿಗುತ್ತಿಲ್ಲ ಎಂಬ ಸಂದೇಶ ಬಂತು. ನಮೂನೆಗಳ ಕಪಾಟು ತೆರೆದು ನೋಡಿದರು. ಮಂಗಲ ಇತ್ತು. ದುಃಖ ಇರಲಿಲ್ಲ. ಕೆಟ್ಟಿದ್ದರೆ ಕೆಟ್ಟದ್ದಾದರೂ ಅಲ್ಲಿರಬೇಕಲ್ಲ? ಇಡೀ ಯಂತ್ರವನ್ನು ಆ ಹೆಸರಿನಿಂದ ಹುಡುಕಿಸಿದರು. ಹಳೆಯ ಬಿಲ್ಲುಗಳ ನಡುವೆ ಒಂದು ಕಡತ ಸಿಕ್ಕಿತು. ಹೆಸರು ಅದೇ. ಹೆಸರಿನ ಕೊನೆಗೆ ಚುಕ್ಕೆಯ ಮುಂದೆ ಬರುವ ಬಾಲ ಮಾತ್ರ ಬೇರೆ. ಬಾಲ ಬದಲಾದರೆ ನಮೂನೆಯನ್ನು ಯಂತ್ರ ನಮೂನೆ ಎಂದು ಗುರುತಿಸುವುದಿಲ್ಲ. ಕರೆಂಟು ಹೋದರೆ ಬಾಲ ಬದಲಾಗುವುದಿಲ್ಲ. ಅದಕ್ಕೆ ಒಂದು ಕೈ ಬೇಕು.

"ಇದನ್ನ ಬೇಕಂತs ಬಚ್ಚಿಟ್ಟೀ. ಒಗದs ಬಿಡಬೇಕಿತ್ತಲ್ಲ?"

"ಒಗ್ಯಾಕ ಮನಸ ಬರಲಿಲ್ರಿ," ಎಂದಳು ಸುವರ್ಣಾ. ದನಿ ಬಾವಿಯ ತಳದಿಂದ ಬಂದಂತಿತ್ತು.

ಉಮಾಬಾಯಿ ಅವಳನ್ನು ನೋಡಿದರು. ಹದಿನೆಂಟರಲ್ಲಿ ಎರಡು ಜಡೆ ಹಾಕಿಕೊಂಡು ಬಂದಿದ್ದ ಹುಡುಗಿ. ಮಾತು ಮಾತಿಗೂ ಕಿಲಕಿಲ ನಗುತ್ತಿದ್ದಳು, ನಗುತ್ತಲೇ ತಪ್ಪಿಲ್ಲದೆ ಒಂದು ಪುಟ ಮುಗಿಸುತ್ತಿದ್ದಳು. ಈಗ ಇಪ್ಪತ್ತಾರು, ಕೆನ್ನೆ ಒಳಗೆ ಹೋಗಿದೆ. ಅಯ್ಯೋ, ಇವಳನ್ನೇ ಕಟಕಟೆಗೆ ಹತ್ತಿಸಬೇಕೇ! ಆದರೆ ಹೊರಗೆ ಬಾಕಿನ ಮೇಲೆ ಒಬ್ಬ ತಾಯಿ ಕೂತಿದ್ದಳು.

"ಸಿದ್ದಣ್ಣನ ಪತ್ರ ನೀ ಟೈಪ ಮಾಡೀದಿ. ದುಃಖದ ಹಾಳಿ ಮ್ಯಾಲ ಮಾಡೀದಿ. ಅಂವಾ ಸತ್ತದ್ದು ನಿನಗ ಮೊದಲs ಗೊತ್ತಿತ್ತು. ಹೌದಿಲ್ಲೋ?"

ಸುವರ್ಣಾ ಬಾಗಿಲ ಕಡೆ ನೋಡಿದಳು. "ಸಣ್ಣಾಗಿ ಮಾತಾಡ್ರಿ. ಆ ಅವ್ವಗ ಕೇಳಸ್ತೈತಿ."

"ಯಾರು ಬರಸಿದ್ರು?"

"ಕೇಳಬ್ಯಾಡ್ರಿ, ನಿಮ್ಮ ಕಾಲ ಹಿಡೀತೀನಿ."

"ನೀ ಹೇಳದಿದ್ರ ಇದು ಹೇಳತೈತಿ," ಎಂದು ಉಮಾಬಾಯಿ ಕಡತದ ಬಾಲವನ್ನು ಸರಿಪಡಿಸಿ, ಕಪಾಟಿನ ಅದರ ಜಾಗಕ್ಕೆ ತಂದಿಟ್ಟರು. ಎರಡು ಸಲ ಒತ್ತಿದರು.

ಹೊಸ ಹಾಳೆ ತೆರೆಯಿತು. ಖಾಲಿ ಇರಬೇಕಾದ ಹಾಳೆ ಖಾಲಿ ಇರಲಿಲ್ಲ.

ಕರಿ ಅಂಚಿನ ನಡುವೆ ಒಂದು ಪೂರ್ತಿ ಕಾರ್ಡಿತ್ತು. ಕೈಲಾಸವಾಸಿ ಸಿದ್ದಣ್ಣ ಪೀರಪ್ಪ, ಬೋರಾಮಣಿ. ವಯಸ್ಸು ಇಪ್ಪತ್ತೇಳು. ದಿವಸದ ತಾರೀಖಿನ ಜಾಗದಲ್ಲಿ ಬರೀ ಚುಕ್ಕೆಗಳು. ಮೇಲೊಂದು ಫೋಟೊ.

ಉಮಾಬಾಯಿಗೆ ಯಂತ್ರದ ಕಾಯಿಲೆ ತಿಳಿಯಿತು. ಆ ದಿನ ಈ ಹುಡುಗಿ ದುಃಖ ಎಂಬ ನಮೂನೆಯಿಂದ ಹೊಸ ಹಾಳೆ ತೆಗೆಯುವ ಬದಲು ನಮೂನೆಯನ್ನೇ ತೆರೆದು ಅದರ ಮೇಲೆಯೇ ಬರೆದಿದ್ದಳು. ರೂಢಿಯಂತೆ ಉಳಿಸಿದ್ದಳು. ಕಾರ್ಡು ನಮೂನೆಯೊಳಗೇ ಅಚ್ಚಾಗಿ ಕೂತಿತು. ಅಂದಿನಿಂದ ಯಾರ ಮನೆಯಲ್ಲಿ ಯಾರೇ ಸತ್ತು ಬಂದರೂ ಮೊದಲು ಮೂಡುವುದು ಸಿದ್ದಣ್ಣನ ಮುಖ. ಅಂಥ ತಪ್ಪನ್ನು ಮೊದಲ ವಾರದ ಮಕ್ಕಳು ಮಾಡುತ್ತಾರೆ, ಸುವರ್ಣಾ ಮಾಡುವುದಿಲ್ಲ.

"ಅಳಕೋತ ಟೈಪ ಮಾಡೀದಿ," ಎಂದರು ಉಮಾಬಾಯಿ ಮೆಲ್ಲಗೆ.

ಸುವರ್ಣಾ ಪಕ್ಕದ ಕುರ್ಚಿಯಲ್ಲಿ ಕೂತಳು. ಮಾತು ತುಂಡು ತುಂಡಾಗಿ ಬಂತು.

"ಮೊದಲ ಕಾರ್ಡs ಮಾಡಿದ್ನಿ. ಅದನ್ನ ನೋಡಿ ಅವರು ನೆಲಕ್ಕ ಕುಂತ್ರು. 'ಇದನ್ನ ಹಿಡಕೊಂಡು ಮನಿಗಿ ಹೋದ್ರ ಆಕಿ ಉಳ್ಯಾಂಗಿಲ್ಲ, ಅಳಸು' ಅಂದ್ರು. 'ದೂರ ಹೋಗ್ಯಾನ ಅಂತ ಬರಿ. ಚಲೋ ಅದಾನ ಅಂತ ಬರಿ. ಆಕಿ ದಾರಿ ಕಾಯಲಿ, ಕಾಯ್ಕೋತರ ಬದುಕಲಿ' ಅಂದ್ರು. ಮತ್ತ ಹಾಳಿ ತಗದ್ನಿ, ಮತ್ತ ಅದs ಕಾರ್ಡ ಬಂತು. ಎಲ್ಲಾ ಅಳಸಿ ಅದರ ಮ್ಯಾಲs ಪತ್ರ ಬರದ್ನಿ. ಅವರs ತಂದ ಸಿದ್ದಣ್ಣನ ಫೋನಿನಿಂದ ದೀಪಾಲಿಗಿ ಕಳಿಸಿದ್ನಿ."

"ಅವರು ಅಂದ್ರ?"

ಅವಳು ಹೇಳಬೇಕಾಗಿರಲಿಲ್ಲ. ದಾರಿ ಕೇಳದೆ ನಡೆದ ಮುದುಕ ಉಮಾಬಾಯಿಯ ಕಣ್ಣ ಮುಂದೆ ಬಂದ. ಏಳು ತಿಂಗಳಿನಿಂದ ಹೆಂಡತಿಯ ಪಕ್ಕದಲ್ಲಿ ಕೂತು, ಸುಳ್ಳು ಪತ್ರವನ್ನು ಊರವರು ಓದುವುದನ್ನು ಕೇಳುತ್ತ, ಮಗನ ಸಾವನ್ನು ಒಬ್ಬನೇ ನುಂಗಿಕೊಂಡಿದ್ದಾನೆ! ಉಮಾಬಾಯಿಗೆ ಸಿಟ್ಟು ಬರಲಿಲ್ಲ. ಅಳು ಬಂತು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

ಒರೆಸಿ ಮತ್ತೆ ಹಾಕಿಕೊಂಡಾಗ ಕಾರ್ಡಿನ ಕೆಳಭಾಗ ಕಾಣಿಸಿತು. ಶೋಕದಲ್ಲಿರುವವರು: ತಂದೆ ಪೀರಪ್ಪ. ತಾಯಿ ಬೀರವ್ವ. ತಂಗಿ ದೀಪಾಲಿ. ನಾಲ್ಕನೇ ಸಾಲಿನಲ್ಲಿ ಪತ್ನಿ ಎಂದಿತ್ತು. ಮುಂದೆ ಹೆಸರಿರಲಿಲ್ಲ.

"ಸಿದ್ದಣ್ಣನ ಲಗ್ನ ಆಗಿತ್ತಾ?"

ಸುವರ್ಣಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಆಗಲೇ ಬಾಗಿಲಲ್ಲಿ ಬಳೆಗಳ ಸದ್ದಾಯಿತು.

"ಇಷ್ಟ ಹೊತ್ತು ಆತಲ್ರಿ ಅಕ್ಕಾರ, ಏನರ ತಿಳೀತೇನು..." ಎನ್ನುತ್ತ ಒಳಗೆ ಬಂದ ಬೀರವ್ವ ಅಲ್ಲೇ ನಿಂತಳು.

ಓದಲು ಬಾರದಿದ್ದರೇನು? ಕರಿ ಅಂಚಿನ ಕಾಗದ ಯಾವುದು ಎಂದು ಯಾವ ಹೆಂಗಸಿಗೆ ಗೊತ್ತಿಲ್ಲ? ಮನೆಗೆ ಬಂದರೆ ಒಳಗೆ ಒಯ್ಯದೆ ಹೊರಗಿನ ಗೂಟಕ್ಕೇ ಸಿಕ್ಕಿಸುವ ಕಾಗದ ಅದು. ಅದರ ನಡುವೆ ಮಗನ ಮುಖ. ಉಮಾಬಾಯಿ ಕೈ ಅಡ್ಡ ಹಿಡಿಯಲು ಹೋದರು. ಆಗಲೇ ತಡವಾಗಿತ್ತು.

ಬೀರವ್ವ ಕೂಗಲಿಲ್ಲ. ಒಂದೊಂದೇ ಹೆಜ್ಜೆ ಇಟ್ಟು ಪರದೆಯ ಹತ್ತಿರ ಬಂದಳು. ಬೆರಳಿನಿಂದ ಮಗನ ಹಣೆಯನ್ನು ಮುಟ್ಟಿದಳು. ಹಣೆಯ ಮೇಲೆ ಮುತ್ತಿನ ಎಳೆಯೊಂದು ಇಳಿಬಿದ್ದಿತ್ತು.

"ನನ್ನ ಮಗಗ ಬಾಸಿಂಗ ಯಾರ ಕಟ್ಟಿದ್ರು?"

ಫೋಟೊದ ಎಡ ಅಂಚಿನಲ್ಲಿ, ಕತ್ತರಿಸುವಾಗ ಉಳಿದುಹೋದ ಹಸಿರು ಬಳೆಯ ಒಂದು ಕೈ ಕಾಣುತ್ತಿತ್ತು. ಪೀರಪ್ಪ ಹೊಸ್ತಿಲ ಬಳಿ ಬಂದು ನಿಂತಿದ್ದ. ತೋಳಿನ ಮೇಲಿನ ಕಂಬಳಿ ನೆಲಕ್ಕೆ ಜಾರಿತ್ತು.

ಬೀರವ್ವ ಗಂಡನ ಕಡೆ ತಿರುಗಿದಳು. "ದೀಪಾಲಿ ಅಪ್ಪಾ, ನೀ ಹೋಗಿದ್ದೇನ ಲಗ್ನಕ್ಕ?"

"ಹೋಗಿದ್ದೆ." ಮುದುಕ ಬಾಗಿ ಕಂಬಳಿ ಎತ್ತಿಕೊಂಡ. "ಅಕ್ಷತಾ ಹಾಕಿದವ ನಾ ಒಬ್ಬನs. ದೊಡ್ಡ ಜಮೀನದವರ ಹುಡುಗಿ. ನಮ್ಮ ಕುರಿ ಕಾಯೂ ಮನಿಗಿ ಕೊಡಂಗಿಲ್ಲ ಅಂತ ಗೊತ್ತಿತ್ತು. ಒಂದ ತಿಂಗಳ ತಡದು ನಿನಗ ಹೇಳೂಣು ಅಂದಿದ್ದ ಅಂವಾ. ನಿನಗ ಹೊಸಾ ಸೀರಿ ತರಾಂವ ಇದ್ದ."

"ಯಾರ ಹುಡುಗಿ?"

ಪೀರಪ್ಪ ಬಾಯಿ ತೆರೆಯುವ ಮೊದಲೇ ಸುವರ್ಣಾ ಕುರ್ಚಿಯಿಂದ ಇಳಿದಿದ್ದಳು. ಓಢಣಿಯನ್ನು ತಲೆಯ ಮೇಲೆ ಎಳೆದುಕೊಂಡು ಬೀರವ್ವನ ಕಾಲಿಗೆ ಹಣೆ ಹಚ್ಚಿದಳು.

"ಅತ್ತೀ," ಎಂದಳು.

ತನ್ನ ಗಂಡನ ದಿವಸದ ಕಾರ್ಡನ್ನು ತಾನೇ ಟೈಪು ಮಾಡಿದ ಹುಡುಗಿ! ತನ್ನ ಲಗ್ನದ ಫೋಟೊದಿಂದ ತನ್ನನ್ನು ತಾನೇ ಕತ್ತರಿಸಿ ತೆಗೆದವಳು. ಪತ್ನಿ ಎಂದು ಬರೆದು, ಮುಂದೆ ಹೆಸರು ಹಾಕಲು ಹೆದರಿದವಳು. ಇಷ್ಟು ದಿನ ಈ ಅಂಗಡಿಯಲ್ಲಿ ಒಬ್ಬಳೇ ಕೂತು ಮಂದಿಯ ಸಾವಿಗೆ ಗೆರೆ ಎಳೆದಿದ್ದಾಳೆ. ಅಳಲಿಕ್ಕೂ ಒಂದು ಮನೆ ಇರಲಿಲ್ಲ ಅವಳಿಗೆ.

ಬೀರವ್ವ ಬಾಗಿ ನೋಡಿದಳು. ಬೈಯುತ್ತಾಳೋ, ಒದೆಯುತ್ತಾಳೋ ಎಂದು ಉಮಾಬಾಯಿ ಹೆದರಿದರು. ಮುದುಕಿ ಮೊಣಕಾಲು ಮಡಿಸಿ ನೆಲಕ್ಕೆ ಕೂತು, ಹುಡುಗಿಯ ಗದ್ದ ಹಿಡಿದು ಎತ್ತಿದಳು.

"ಏನಾತು ನನ್ನ ಮಗಗ? ಈಗರ ಹೇಳು."

"ನಮ್ಮಣ್ಣ ಗುರುಸಿದ್ಧಗ ಗೊತ್ತಾತು. ಮಾತಾಡೂಣು ಬಾ ಅಂತ ಅವರನ್ನ ಗಾಡಿ ಮ್ಯಾಲ ಕರಕೊಂಡು ಹೋದ. ಮೂರ ದಿನಕ್ಕ ಅಣ್ಣ ಒಬ್ಬನs ಬಂದ. ದೂರ ಎಲ್ಲೋ ರೈಲಿಗಿ ಸಿಕ್ಕು ಹೋದ್ರು, ಅಲ್ಲೇ ಮಣ್ಣ ಮಾಡಿದ್ರು ಅಂದ. ಫೋನು, ಚಪ್ಲಿ ತಂದು ಮಾವನ ಕೈಯಾಗ ಕೊಟ್ಟ. ಬಾಯಿ ಬಿಟ್ರ ದೀಪಾಲೀನೂ ಉಳ್ಯಾಂಗಿಲ್ಲ ಅಂದ."

"ಅದಕ್ಕ ಸುಮ್ಮನಿದ್ದೆ," ಎಂದ ಪೀರಪ್ಪ. "ಒಬ್ಬಾಂವ ಹೋದ. ಮಗಳರ ಉಳೀಲಿ ಅಂದ್ನಿ."

ಬೀರವ್ವ ಗಂಡನ ಕಡೆ ಮುಖ ಎತ್ತಿದಳು. ಅವನನ್ನೇ ದಿಟ್ಟಿಸಿ ಕೇಳಿದಳು:

"ನೀ ಮಣ್ಣ ಕೊಟ್ಟೀ ಏನ ಅವಗ?"

ಪೀರಪ್ಪ ತಲೆ ಅಲ್ಲಾಡಿಸಿದ. ಇಲ್ಲ.

"ನೀ ಅವನ ಮಾರಿ ನೋಡೀದಿ ಏನವ್ವಾ?"

"ಇಲ್ಲರಿ ಅತ್ತೀ."

"ಮತ್ತ ಯಾರ ನೋಡ್ಯಾರ?"

ಸುವರ್ಣಾ ಮಾವನ ಮುಖ ನೋಡಿದಳು. ಮುದುಕ ಉಮಾಬಾಯಿಯ ಮುಖ ನೋಡಿದ. ಉಮಾಬಾಯಿಗೆ ನಾಚಿಕೆಯಾಯಿತು. ನಮೂನೆ ಹುಡುಕಿದ್ದರು, ಬಾಲ ಹುಡುಕಿದ್ದರು, ಖಾಲಿ ಸಾಲು ಹುಡುಕಿದ್ದರು. ಈ ಒಂದು ಪ್ರಶ್ನೆಯನ್ನು ಮಾತ್ರ ಕೇಳಿರಲಿಲ್ಲ. ಕಾಗದದಲ್ಲಿ ಸತ್ತವನನ್ನು ಸತ್ತನೆಂದೇ ನಂಬಿದ್ದರು. ಸತ್ತ ಎಂದು ಹೇಳಿದವನು ಲೋಕದಲ್ಲಿ ಒಬ್ಬನೇ, ಅವನು ಗುರುಸಿದ್ಧ.

ಬೀರವ್ವ ಸೆರಗಿನಿಂದ ಸೊಸೆಯ ಮುಖ ಒರೆಸಿದಳು. ಆಮೇಲೆ ಅವಳ ರಟ್ಟೆ ಹಿಡಿದು ಎಬ್ಬಿಸಿ, ಪರದೆಯ ಎದುರಿನ ಕುರ್ಚಿಯ ಮೇಲೆ ಕೂರಿಸಿದಳು.

"ತಗಿ ನನ್ನವ್ವಾ," ಎಂದಳು. "ಆ ಕರೀ ಅಂಚ ಮೊದಲ ತಗಿ."